ಹರನಾಳಿಗೆಯ ನೀರು, ಗೋಡೆಯ ಗಚ್ಚು: ಹಳೆಯ ಮನೆ ಉಳಿಸಿಕೊಳ್ಳುವವರಿಗೆ ಒಂದು ಪಾಠ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿರುವ ನಮ್ಮ ಭಕ್ತರ ಹಳೆಯ ಮನೆಗಳು ಬಹುತೇಕ ಒಂದೇ ಬಗೆಯವು. ಎರಡು, ಎರಡೂವರೆ ಅಡಿ ದಪ್ಪದ ಕರಿಗಲ್ಲಿನ ಗೋಡೆ, ಒಳಗೆ ಸಾಗವಾನಿಯ ಇಲ್ಲವೆ ಬೇವಿನ ಕಂಬಗಳು, ಕಂಬದ ಮೇಲೆ ಬೋದಿಗೆ, ತೊಲೆ, ಜಂತಿ, ಅವುಗಳ ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯ ಅಂಚಿಗೆ ಕುಂಬಿ, ಕುಂಬಿಯಲ್ಲಿ ಅಲ್ಲಲ್ಲಿ ಹರನಾಳಿಗೆ. ಪೇಟೆಯ ವ್ಯಾಪಾರಸ್ಥರ ಮನೆಯಾದರೆ ಮುಂದೆ ಅಂಗಡಿ, ಅದರ ಮೇಲೆ ಪತ್ರಾಸಿನ ಇಳಿಜಾರು, ಪತ್ರಾಸಿನ ತುದಿಗೆ ತಗಡಿನ ದೋಣಿ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ ಇರುವ ಇಂಥ ಮನೆಯನ್ನು ಕೆಡವಲು ಮನಸ್ಸು ಬಾರದವರು ಏನು ಮಾಡುತ್ತಾರೆ? ಪ್ರತಿ ವರ್ಷ ಮಳೆಗಾಲದ ಮುಂದೆ ಒಂದು ಚೀಲ ಸಿಮೆಂಟು ತರಿಸಿ, ಬಿರುಕು ಕಂಡಲ್ಲೆಲ್ಲ ಮೆತ್ತಿಸುತ್ತಾರೆ. ಮುಂದಿನ ವರ್ಷ ಅದೇ ಬಿರುಕು ಒಂದು ಗೇಣು ಆಚೆ ಬಾಯಿ ಬಿಡುತ್ತದೆ. ಮತ್ತೊಂದು ಚೀಲ ಬರುತ್ತದೆ.

ಹೀಗೆ ಮಾಡುವ ಬಂಧುಗಳಿಗಾಗಿಯೇ ಈ ಪಾಠ ಬರೆದಿದ್ದೇವೆ. ನಾವು ಹೇಳಬೇಕಾದದ್ದು ಎರಡು ಮಾತು. ಬಿರುಕು ಕಂಡ ಕೂಡಲೇ ಕರಣಿ ಹಿಡಿಯದೆ, ಮೊದಲು ಮಾಳಿಗೆ ಏರಿ ನೀರಿನ ದಾರಿ ನೋಡಬೇಕು. ನೀರಿನ ದಾರಿ ಸರಿಪಡಿಸಿದ ಬಳಿಕ ಗಚ್ಚಿನ ಗೋಡೆಗೆ ಗಚ್ಚನ್ನೇ ತುಂಬಬೇಕು, ಸಿಮೆಂಟನ್ನಲ್ಲ. ಯಾಕೆ ಹೀಗೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡೋಣ. ಕಾರಣ ತಿಳಿಯದೆ ಮಾಡಿದ ಕೆಲಸವನ್ನು ಗೌಂಡಿ ತನ್ನ ರೂಢಿಗೆ ಎಳೆದುಕೊಂಡು ಹೋಗುತ್ತಾನೆ.

ಮಾಳಿಗೆಯ ಮೇಲೆ ಬೀಳುವ ನೀರೆಷ್ಟು?

ನಮ್ಮ ಕಡೆ ಮಳೆ ಕಡಿಮೆಯೆಂದು ಎಲ್ಲರೂ ಹೇಳುತ್ತೇವೆ. ವರ್ಷದ ಲೆಕ್ಕಕ್ಕೆ ಅದು ಸರಿ. ಆದರೆ ಬರುವ ಮಳೆ ಹದವಾಗಿ ಬರುವುದಿಲ್ಲ. ಸೆಪ್ಟೆಂಬರಿನಲ್ಲಿ ಗುಡುಗಿನೊಂದಿಗೆ ಒಂದೆರಡು ತಾಸಿನಲ್ಲಿ ಸುರಿದು ಹೋಗುತ್ತದೆ. ಸಾವಿರ ಚದರ ಅಡಿಯ ಮಾಳಿಗೆಯ ಮೇಲೆ ಒಂದು ಇಂಚು ಮಳೆ ಬಿದ್ದರೆ ಸುಮಾರು 2,300 ಲೀಟರು ನೀರಾಗುತ್ತದೆ. ಮನೆಗೆ ನಾಲ್ಕು ಹರನಾಳಿಗೆ ಇದ್ದರೆ ಒಂದೊಂದರಿಂದ ಸುಮಾರು 600 ಲೀಟರು, ಅಂದರೆ ಮೂರು ಪೀಪಾಯಿ ನೀರು ಇಳಿಯಬೇಕು. ನಾಲ್ಕರಲ್ಲಿ ಎರಡು ಕಟ್ಟಿಕೊಂಡಿದ್ದರೆ ಉಳಿದೆರಡರ ಮೇಲೆ ಇಮ್ಮಡಿ ಭಾರ. ಅವೂ ಸಾಲದಾದರೆ ನೀರು ಕುಂಬಿಯ ಬುಡದಲ್ಲಿ ನಿಂತು ಗೋಡೆಯ ನೆತ್ತಿಗೆ ಇಳಿಯುತ್ತದೆ. 2020ರ ಅಕ್ಟೋಬರ್ ನಡುವಿನಲ್ಲಿ ಸೊಲ್ಲಾಪುರ, ಕಲಬುರಗಿ ಜಿಲ್ಲೆಗಳಲ್ಲಿ ಸುರಿದ ಮಳೆ ಮತ್ತು ಭೀಮೆಯ ಪ್ರವಾಹವನ್ನು ನೆನಪಿಡುವವರಿಗೆ ಈ ಮಾತು ಬೇಗ ತಿಳಿಯುತ್ತದೆ.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಹನ್ನೆರಡನೆಯ ಶತಮಾನದಲ್ಲಿ ಕೆರೆ ಕಟ್ಟುವುದನ್ನೇ ಕಾಯಕ ಮಾಡಿಕೊಂಡರೆಂಬುದು ನಮಗೆಲ್ಲ ತಿಳಿದದ್ದೇ. ನೀರಿಗೆ ನೆಲೆ ತೋರಿಸಿದರೆ ಊರಿಗೆ ಕೆರೆಯಾಯಿತು. ನೆಲೆ ತೋರಿಸದೆ ಬಿಟ್ಟ ಅದೇ ನೀರು ನಮ್ಮ ಗೋಡೆಯಲ್ಲಿ ನೆಲೆ ಹುಡುಕುತ್ತದೆ.

ಹರನಾಳಿಗೆ ಸೋರುವುದು ಎಲ್ಲಿ?

ಹರನಾಳಿಗೆಯ ಒಳಗೆ ತೂತು ಬಿದ್ದು ಸೋರುವುದು ಅಪರೂಪ. ಸೋರುವುದು ಅದು ಕುಂಬಿಯಲ್ಲಿ ಕೂತಿರುವ ಜಾಗದಲ್ಲಿ. ಕಲ್ಲಿನದಾಗಲಿ, ಮರದ್ದಾಗಲಿ, ತಗಡಿನದಾಗಲಿ, ಬಿಸಿಲಿಗೆ ಅದು ಹಿಗ್ಗುವ ರೀತಿಯೇ ಬೇರೆ, ಸುತ್ತಲಿನ ಗಚ್ಚಿನ ರೀತಿಯೇ ಬೇರೆ. ಹೀಗಾಗಿ ಕೆಲವು ವರ್ಷಗಳಲ್ಲಿ ಸುತ್ತ ಕೂದಲೆಳೆಯಷ್ಟು ಸಂದು ಬಿಡುತ್ತದೆ. ಮಾಳಿಗೆಯ ನೀರೆಲ್ಲ ಅಲ್ಲಿಗೇ ಬಂದು ಸೇರುವುದರಿಂದ ಆ ಕೂದಲೆಳೆ ಸಾಕು. ಒಳಗೆ ದೇವರಮನೆಯ ಜಗಲಿಯ ಹಿಂದೆ ತೇವ ಕಾಣಿಸಿಕೊಂಡರೆ, ಅಥವಾ ಜೋಳದ ಚೀಲ ಒರಗಿಸಿದ ಗೋಡೆ ಬಿಳಿ ಉಪ್ಪು ಉಗುಳುತ್ತಿದ್ದರೆ, ಅದರ ನೇರ ಮೇಲೆ ಒಂದು ಹರನಾಳಿಗೆ ಇದೆಯೇ ನೋಡಿ. ಬಹಳ ಸಲ ಇರುತ್ತದೆ.

ಎರಡನೆಯ ತಪ್ಪು ಹರನಾಳಿಗೆಯ ಉದ್ದದ್ದು. ಗೋಡೆಯಿಂದ ಗೇಣುದ್ದ ಮಾತ್ರ ಹೊರಗೆ ಚಾಚಿದ್ದರೆ, ಮಳೆ ಜೋರಾಗಿದ್ದಾಗ ನೀರು ದೂರ ಚಿಮ್ಮುತ್ತದೆ, ಮಳೆ ಸಣ್ಣದಾದಾಗ ನಾಲಗೆಯ ಅಡಿಯಿಂದ ಹಿಂದಕ್ಕೆ ಹರಿದು ಗೋಡೆ ಹಿಡಿಯುತ್ತದೆ. ಜಡಿಮಳೆಯಲ್ಲಿಯೇ ಗೋಡೆ ಹೆಚ್ಚು ನೆನೆಯುವುದಕ್ಕೆ ಇದೇ ಕಾರಣ. ಕಲ್ಲಿನ ಹರನಾಳಿಗೆಯಾದರೆ ನಾಲಗೆಯ ಅಡಿಯಲ್ಲಿ ತುದಿಯಿಂದ ಒಂದು ಇಂಚು ಹಿಂದೆ ಅಡ್ಡಗೆರೆಯೊಂದನ್ನು ಉಳಿಯಿಂದ ಕೊರೆಸಬೇಕು, ನೀರು ಅಲ್ಲಿಂದಲೇ ಹನಿಯಾಗಿ ಉದುರುತ್ತದೆ. ಹಳೆಯ ಕಲ್ಲುಕುಟಿಗರು ಇದನ್ನು ಮಾಡಿಯೇ ಕೂರಿಸುತ್ತಿದ್ದರು. ಗಿಡ್ಡ ಹರನಾಳಿಗೆಗೆ ನಾಲ್ಕು ಇಂಚಿನ ಪ್ಲಾಸ್ಟಿಕ್ ಕೊಳವೆ ತೊಡಿಸಿ ಗೋಡೆಯಿಂದ ಒಂದೂವರೆ, ಎರಡು ಅಡಿ ಹೊರಗೆ ಬರುವಂತೆ ಮಾಡಬಹುದು. ನೋಟ ಕೆಡುತ್ತದೆಂದು ಕೆಲವರ ಅಂಬೋಣ. ನೋಟಕ್ಕಿಂತ ಗೋಡೆ ದೊಡ್ಡದು.

ಮೇಲೆ ಏರಿದಾಗ ಬೇವಿನ ಎಲೆ, ಪಾರಿವಾಳದ ಗೂಡು, ಹುಡುಗರ ಚೆಂಡು, ಏನಿದ್ದರೂ ತೆಗೆಯಿರಿ. ಕುಂಬಿಯ ಸಂದಿನಲ್ಲಿ ಅರಳಿಯ ಸಸಿ ಹುಟ್ಟಿದ್ದರೆ ಅದು ಬೆರಳುದ್ದ ಇದ್ದಾಗಲೇ ಬೇರುಸಹಿತ ಬಿಡಿಸಬೇಕು. ದೇವರ ಮರವೆಂದು ಕೈ ಹಚ್ಚಲು ಹೆದರುವ ತಾಯಂದಿರಿದ್ದಾರೆ. ಅವರಿಗೆ ನಮ್ಮ ಸಲಹೆ ಇಷ್ಟೇ: ಸಸಿಯನ್ನು ಬೇರಿನೊಂದಿಗೆ ಎಬ್ಬಿಸಿ ಹಳ್ಳದ ದಂಡೆಯಲ್ಲೋ ಮಠದ ಹಿತ್ತಲಲ್ಲೋ ನೆಡಿರಿ, ಅಲ್ಲಿ ಬೆಳೆಯಲಿ. ಗೋಡೆಯಲ್ಲಿ ಬೆಳೆದರೆ ಐದು ವರ್ಷದಲ್ಲಿ ಅದರ ಬೇರು ಎರಡಾಳು ಎತ್ತಲಾರದ ಕಲ್ಲನ್ನು ಹೊರಗೆ ನೂಕುತ್ತದೆ. ಮೇಲಿನ ಟೊಂಗೆ ಕತ್ತರಿಸಿ ಬೇರು ಬಿಟ್ಟರೆ ಮತ್ತಷ್ಟು ದಪ್ಪವಾಗಿ ಚಿಗಿಯುತ್ತದೆ.

ತಗಡಿನ ದೋಣಿಯ ವಿಷಯ ಚಿಕ್ಕದು. ಹತ್ತು ಅಡಿಗೆ ಅರ್ಧದಿಂದ ಒಂದು ಇಂಚು ಇಳಿಜಾರಿರಬೇಕು. ಎರಡು ಮೂರು ಅಡಿಗೊಂದು ಹಿಡಿಕೆ ಇರಬೇಕು. ಎರಡು ತಗಡು ಕೂಡುವಲ್ಲಿ ಮೇಲಿನ ತಗಡು ಕೆಳಗಿನದರ ಒಳಮೈ ಮೇಲೆ ಕೂರಬೇಕು. ಉಲ್ಟಾ ಕೂತಿದ್ದರೆ ಎಷ್ಟು ಅಂಟು ಹಚ್ಚಿದರೂ ಸೋರುತ್ತದೆ. ಕೂಡಿಕೆಯನ್ನು ತಂತಿಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ರಿವೆಟ್ ಹೊಡೆಸಿ, ಬೆಸುಗೆಯನ್ನೋ ಸಿಲಿಕೋನನ್ನೋ ಹಾಕಿಸಿ. ತಗಡಿಗೆ ಸಿಮೆಂಟನ್ನಾಗಲಿ ಹಸಿ ಸುಣ್ಣವನ್ನಾಗಲಿ ಮೆತ್ತಬೇಡಿ. ಹಸಿಯಿರುವಾಗ ಅವುಗಳ ಕ್ಷಾರವು ಸತುವಿನ ಲೇಪವನ್ನು ತಿನ್ನುತ್ತದೆ, ಆಮೇಲೆ ತಗಡು ತುಕ್ಕಿಗೆ ಬಲಿ.

ಹಿಸ್ಸೆಯಾದ ವಾಡೆಯ ನಡುವಿನ ದೋಣಿ

ಇಲ್ಲಿ ಸ್ವಲ್ಪ ನಿಲ್ಲಬೇಕು. ನಾವು ಕಂಡಂತೆ ಅತಿ ಹೆಚ್ಚು ಕೆಟ್ಟಿರುವ ಗೋಡೆಗಳು ಬಡವರ ಮನೆಯವಲ್ಲ, ಹಿಸ್ಸೆಯಾದ ವಾಡೆಗಳವು. ಅಣ್ಣನಿಗೆ ಮೂಡಣ ಭಾಗ, ತಮ್ಮನಿಗೆ ಪಡುವಣ ಭಾಗ ಎಂದು ಹೊಲ, ಕಣ, ಬಾವಿಯ ಪಾಳಿಯವರೆಗೆ ಕಾಗದದಲ್ಲಿ ಬರೆಯುತ್ತಾರೆ. ಎರಡು ಮಾಳಿಗೆಯ ನೀರು ಕೂಡುವ ನಡುವಿನ ದೋಣಿ ಯಾರದೆಂದು ಬರೆಯುವುದಿಲ್ಲ. ಅಣ್ಣ ತನ್ನ ಬದಿಯ ಮಾಳಿಗೆಗೆ ಮಣ್ಣು ಏರಿಸುತ್ತಾನೆ, ನೀರು ತಮ್ಮನ ಕಡೆಗೆ ಹೊರಳುತ್ತದೆ. ತಮ್ಮ ಸಿಟ್ಟಿನಿಂದ ಹರನಾಳಿಗೆಯ ಬಾಯಿಗೆ ಇಟ್ಟಂಗಿ ಇಡುತ್ತಾನೆ. ನೀರು ಇಬ್ಬರ ನಡುವಿನ ಗೋಡೆಗೆ ಇಳಿಯುತ್ತದೆ. ಆ ಗೋಡೆ ಬಿದ್ದರೆ ಇಬ್ಬರ ತೊಲೆಗಳೂ ಅದರ ಮೇಲೆಯೇ ಇವೆ.

ಇಪ್ಪತ್ತು ವರ್ಷ ಬಹಿರಂಗವಾಗಿ, ತಡೆಯಿಲ್ಲದೆ, ಹಕ್ಕಿನಂತೆ ನಡೆದುಬಂದ ನೀರಿನ ದಾರಿಗೆ ಕಾನೂನಿನ ರಕ್ಷಣೆ ಸಿಗಬಹುದು. 1882ರ ಈಸ್‌ಮೆಂಟ್ ಕಾಯ್ದೆ ಅದನ್ನು ಹೇಳುತ್ತದೆ. ಆದರೆ ಆ ದಾವೆ ಮುಗಿಯುವವರೆಗೆ ಗೋಡೆ ಕಾಯುವುದಿಲ್ಲ. ನಡುವಿನ ದೋಣಿಯ ಖರ್ಚು ಅರ್ಧರ್ಧ, ವರ್ಷಕ್ಕೊಮ್ಮೆ ಮಿರಗದ ಮುಂದೆ ಇಬ್ಬರ ಮನೆಯಿಂದಲೂ ಒಬ್ಬೊಬ್ಬರು ಏರಿ ಕೂಡಿಯೇ ಸ್ವಚ್ಛ ಮಾಡುವುದು ಎಂದು ಹಿಸ್ಸೆಯ ಕಾಗದದಲ್ಲೇ ಒಂದು ಸಾಲು ಬರೆಸಿಬಿಡಿ. ಈಗಾಗಲೇ ಹಿಸ್ಸೆ ಆಗಿಹೋಗಿದ್ದರೆ ಬೇರೆ ಕಾಗದದಲ್ಲಿ ಬರೆದು ಹಿರಿಯರಿಬ್ಬರ ಸಹಿ ಹಾಕಿಸಿದರೂ ಆದೀತು. ಮಾತು ನಿಂತುಹೋದ ಅಣ್ಣತಮ್ಮಂದಿರಿದ್ದರೆ ಊರಿನ ಹಿರಿಯರು ನಡುವೆ ಬರಲಿ. ಆಸ್ತಿಯ ತಕರಾರು ಬದಿಗಿರಲಿ, ದೋಣಿಯೊಂದರ ಮಾತು ಮಾತ್ರ ಆಡಿಸಲಿ.

ಕೆಳಗೆ ಬಿದ್ದ ನೀರು

ಹರನಾಳಿಗೆಯ ನೀರು ಬೀಳುವ ಜಾಗದಲ್ಲಿ ನೆಲ ಗುಂಡಿ ಬಿದ್ದಿದೆಯೇ ನೋಡಿ. ನಮ್ಮದು ಎರೆಭೂಮಿ. ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮನೆಯ ಒಂದು ಮೂಲೆಯ ಪಾಯ ಮಾತ್ರ ನೆನೆದು ಉಬ್ಬಿ, ಉಳಿದ ಮೂರು ಮೂಲೆ ಒಣಗಿಯೇ ಇದ್ದರೆ ಗೋಡೆ ತಿರುಚಿಕೊಳ್ಳುತ್ತದೆ, ಕಿಟಕಿಯ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಆ ಬಿರುಕಿಗೆ ಮೇಲೆ ಏನು ತುಂಬಿದರೂ ನಿಲ್ಲದು. ನೀರು ಬೀಳುವಲ್ಲಿ ಶಹಾಬಾದಿ ಫರಸಿ ಹಾಸಿ, ಗೋಡೆಯಿಂದ ಹೊರಕ್ಕೆ ಇಳಿಜಾರು ಕೊಟ್ಟು, ಕಾಲುವೆಯಲ್ಲಿ ನಾಲ್ಕು ಅಡಿ ದೂರವಾದರೂ ಒಯ್ಯಬೇಕು. ಹೌದು ಕಟ್ಟಿಸಿ ತುಂಬಿಕೊಂಡರೆ ದನಕರುಗಳಿಗೆ ಆಗುತ್ತದೆ. ಅಂಗಳದಲ್ಲಿ ಹಗೇವು ಇನ್ನೂ ಉಳಿಸಿಕೊಂಡಿರುವ ರೈತರು ಈ ಕಾಲುವೆ ಅದರ ಹತ್ತಿರ ಹಾಯದಂತೆ ನೋಡಿಕೊಳ್ಳಬೇಕು. ತೇವ ತಾಗಿದ ಕಾಳು ಕೆಡುವುದಷ್ಟೇ ಅಲ್ಲ, ಹಗೇವಿನೊಳಗಿನ ಗಾಳಿಯನ್ನೂ ಕೆಡಿಸುತ್ತದೆ. ಅಂಥ ಹಗೇವಿಗೆ ಇಳಿದವರು ಮೇಲೆ ಬಾರದೆ ಉಳಿದದ್ದುಂಟು.

ಗೋಡೆಯೊಳಗೆ ಏನಿದೆ?

ಹೊರಗಿನಿಂದ ನೋಡಿದರೆ ಎರಡೂವರೆ ಅಡಿಯ ಗೋಡೆ ಅಖಂಡವೆನಿಸುತ್ತದೆ. ನಿಜದಲ್ಲಿ ಅದು ಎರಡು ಗೋಡೆ. ಹೊರಮುಖಕ್ಕೊಂದು ಕಲ್ಲಿನ ಸಾಲು, ಒಳಮುಖಕ್ಕೊಂದು ಸಾಲು, ನಡುವೆ ಕಲ್ಲುಚೂರು ಮತ್ತು ಕೆಸರು. ಗಚ್ಚು ಇರುವುದು ಬಹಳ ಮನೆಗಳಲ್ಲಿ ಹೊರಗಿನ ಸಂದಿನಲ್ಲಿ ಮಾತ್ರ, ಎರಡು ಮೂರು ಇಂಚು ಆಳಕ್ಕೆ. ಹೊಟ್ಟೆಯೊಳಗೆಲ್ಲ ಮಣ್ಣೇ. ಒಳ್ಳೆಯ ಗೌಂಡಿ ಕಟ್ಟಿದ್ದರೆ ಈ ಮುಖದಿಂದ ಆ ಮುಖದವರೆಗೆ ಹಾಯುವ ಉದ್ದನೆಯ ಕಲ್ಲುಗಳನ್ನು ಅಲ್ಲಲ್ಲಿ ಇಟ್ಟು ಎರಡೂ ಸಾಲುಗಳನ್ನು ಹಿಡಿದಿರಿಸಿರುತ್ತಾನೆ. ಅವಸರಕ್ಕೆ ಕಟ್ಟಿದ ಮನೆಗಳಲ್ಲಿ ಆ ಕಲ್ಲುಗಳಿಲ್ಲ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕರ ಸುಮಾರಿಗೆ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಲಾತೂರು, ಉಸ್ಮಾನಾಬಾದ ಜಿಲ್ಲೆಗಳ ಹಳ್ಳಿಗಳಲ್ಲಿ ಸಾವಿರಾರು ಜನ ಮಲಗಿದಲ್ಲೇ ಮಣ್ಣಾದರು. ನಮ್ಮ ಅಕ್ಕಲಕೋಟೆ, ಸೊಲ್ಲಾಪುರದಲ್ಲೂ ಜನ ಹೊರಗೆ ಓಡಿಬಂದರು. ಅಲ್ಲಿ ಬಿದ್ದ ಮನೆಗಳು ನಾವು ಮೇಲೆ ಹೇಳಿದಂಥವೇ: ಕೆಸರಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಹಾಯುವ ಕಲ್ಲಿಲ್ಲ, ಮೇಲೆ ಮಣ್ಣಿನ ಹೊರೆ. ಎಷ್ಟೋ ಮನೆಗಳಲ್ಲಿ ಕಂಬ, ತೊಲೆಗಳ ಚೌಕಟ್ಟು ನಿಂತೇ ಇತ್ತು, ಸುತ್ತಲಿನ ಗೋಡೆಗಳು ಎರಡಾಗಿ ಸೀಳಿ ಒಳಕ್ಕೂ ಹೊರಕ್ಕೂ ಸುರಿದಿದ್ದವು. ಭೂಕಂಪ ನಮ್ಮ ಕೈಯಲ್ಲಿಲ್ಲ. ಆದರೆ ಗೋಡೆಯ ಹೊಟ್ಟೆಯ ಮಣ್ಣು ವರ್ಷವರ್ಷವೂ ನೆನೆದು ಕೆಳಗೆ ಕುಸಿದು, ಎರಡು ಸಾಲಿನ ನಡುವೆ ಟೊಳ್ಳಾಗುವುದು ಹರನಾಳಿಗೆಯ ನೀರಿನಿಂದ. ಅದನ್ನು ತಡೆಯುವುದು ನಮ್ಮ ಕೈಯಲ್ಲಿದೆ.

ಈ ಕಾರಣಕ್ಕೇ ಬಿರುಕನ್ನು ಓದಲು ಕಲಿಯಬೇಕು. ಸಂದಿನ ಗಚ್ಚು ಉದುರಿ ಕಲ್ಲು ಮಾತ್ರ ಕಾಣುತ್ತಿದ್ದರೆ ಅದು ವಯಸ್ಸು, ತುಂಬಿದರಾಯಿತು. ಓರೆ ಬಿರುಕು ಕಂಡರೆ ಪಾಯದ ಕಡೆ ನೋಡಬೇಕು. ಬಿರುಕಿನ ಮೇಲೆ ಅಡ್ಡಲಾಗಿ ಒಂದು ತುಣುಕು ಗಚ್ಚು ಮೆತ್ತಿ ತಾರೀಕು ಬರೆದಿಡಿ, ಅಥವಾ ಗಾಜಿನ ಪಟ್ಟಿ ಅಂಟಿಸಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದರೂ ಅದು ಒಡೆಯದಿದ್ದರೆ ಬಿರುಕು ಹಳೆಯದು, ನಿಂತಿದೆ. ಒಡೆದರೆ ಇನ್ನೂ ಚಲಿಸುತ್ತಿದೆ. ಬೇಸಿಗೆಯಲ್ಲಿ ಅಗಲವಾಗಿ ಮಳೆಗಾಲದಲ್ಲಿ ಕೂಡಿಕೊಳ್ಳುವ ಬಿರುಕಾದರೆ ಎರೆಮಣ್ಣಿನ ಆಟವೆಂದು ತಿಳಿಯಿರಿ.

ಗೋಡೆ ಹೊಟ್ಟೆ ಬಂದಿದ್ದರೆ ಮಾತೇ ಬೇರೆ. ಮೇಲಿನಿಂದ ದಾರದಲ್ಲಿ ಗುಂಡು ಇಳಿಬಿಟ್ಟು ನೋಡಿ, ಕೈಯಿಂದ ಅಥವಾ ಸಣ್ಣ ಕೋಲಿನಿಂದ ಬಡಿದು ಕೇಳಿ. ಉಬ್ಬಿದ ಜಾಗ ಡೊಳ್ಳಿನಂತೆ ಸದ್ದು ಮಾಡಿದರೆ ಎರಡು ಸಾಲುಗಳು ಬೇರೆಯಾಗಿವೆ. ಅಲ್ಲಿ ಗಚ್ಚು ತುಂಬಿ ಮುಚ್ಚಬೇಡಿ. ಅಂದೇ ತೊಟ್ಟಿಲನ್ನೂ ಹಾಸಿಗೆಯನ್ನೂ ಆ ಗೋಡೆಯ ಬುಡದಿಂದ ಸರಿಸಿ, ತೊಲೆಗೆ ಆಸರೆ ಕೊಡಿಸಿ, ಇಂಜಿನಿಯರನ್ನು ಕರೆಸಿ. ಕಿಲ್ಲಾರಿಯ ಬಳಿಕ ಮಹಾರಾಷ್ಟ್ರದಲ್ಲಿ ಇಂಥ ಗೋಡೆಗಳಿಗೆ ಅಲ್ಲಲ್ಲಿ ಆಚೆಈಚೆ ಹಾಯುವ ತೂತು ಮಾಡಿ, ಕಬ್ಬಿಣದ ಸರಳಿಟ್ಟು ಕಾಂಕ್ರೀಟು ತುಂಬಿ ಎರಡೂ ಮುಖಗಳನ್ನು ಕಟ್ಟುವ ಪದ್ಧತಿ ಬಂತು. ಅದು ತಿಳಿದವರು ಮಾಡುವ ಕೆಲಸ.

ಸಿಮೆಂಟು ಬೇಡವೆನ್ನುವುದೇಕೆ?

ಸಿಮೆಂಟನ್ನು ನಾವು ಬೈಯುತ್ತಿಲ್ಲ. ಸಿಮೆಂಟಿನಲ್ಲಿ ಕಟ್ಟಿದ ಮನೆಗೆ ಸಿಮೆಂಟೇ ಸರಿ. ನಮ್ಮ ಕರಿಗಲ್ಲು ನೀರು ಕುಡಿಯುವುದು ಬಹಳ ಕಡಿಮೆ. ಹಾಗಾಗಿ ಗೋಡೆಯೊಳಕ್ಕೆ ನೀರು ಹೋಗುವುದೂ ಸಂದಿನಿಂದ, ತೇವ ಹೊರಗೆ ಆರುವುದೂ ಸಂದಿನಿಂದಲೇ. ಗಚ್ಚು ಮೆತು, ಗಾಳಿಯಾಡುತ್ತದೆ. ಗೋಡೆ ಕೂದಲೆಳೆ ಅಲುಗಿದರೆ ತಾನೂ ಅಲುಗುತ್ತದೆ. ಸಿಮೆಂಟು ಬಿರುಸು, ಅಲುಗದೆ ಸೀಳುತ್ತದೆ, ಕಲ್ಲಿನ ಅಂಚು ಬಿಡುತ್ತದೆ. ಸೀಳಿದ ಎಳೆಯಿಂದ ನೀರು ಒಳಕ್ಕೆ ಹೋಗುತ್ತದೆ. ಉಳಿದ ಸಂದೆಲ್ಲ ಮುಚ್ಚಿರುವುದರಿಂದ ಹೊರಗೆ ಬರಲಾರದೆ ಒಳಗಿನ ಮಣ್ಣನ್ನು ನೆನೆಸುತ್ತ ಕೂರುತ್ತದೆ. ಹೊರಗೆ ಗೋಡೆ ಚೆಂದವಾಗಿ ಗೆರೆ ಎಳೆದಂತೆ ಕಾಣುತ್ತಿರುತ್ತದೆ, ಒಳಗೆ ಕೆಸರಾಗಿರುತ್ತದೆ. ತೇವ ಒಳಮುಖದಿಂದ ಹೊರಡಲು ನೋಡುತ್ತದೆ, ಅಲ್ಲಿ ಉಪ್ಪು ಉಕ್ಕಿ ಗಿಲಾವು ಉದುರುತ್ತದೆ. ರಾಯದುರ್ಗ, ಮಡಕಶಿರಾ ಕಡೆಯ ಬಂಧುಗಳ ಮನೆ ಗ್ರಾನೈಟ್ ಜಾತಿಯ ಕಲ್ಲಿನದು, ಅಲ್ಲಿಯೂ ಇದೇ ನ್ಯಾಯ.

ಗಚ್ಚು ಮಾಡುವ ಬಗೆ

ಹಿಂದೆ ಎತ್ತು ಕಟ್ಟಿದ ಗಾಣದಲ್ಲಿ, ಕಲ್ಲಿನ ಚಕ್ರದ ಕೆಳಗೆ ಸುಣ್ಣ, ಉಸುಕು ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ, ಬಿಲ್ವದ ಕಾಯಿಯ ತಿರುಳಿನ ಅಂಟು ಕೂಡಿಸುವುದೂ ಇತ್ತು. ಪೂಜೆಗೆ ಪತ್ರಿ ಕೊಟ್ಟ ಮರವೇ ಗೋಡೆಗೆ ಅಂಟನ್ನೂ ಕೊಡುತ್ತಿತ್ತು. ಇವಿಲ್ಲದೆಯೂ ಮನೆಯ ಮಟ್ಟದ ದುರಸ್ತಿಗೆ ಸಾಕಾಗುವಷ್ಟು ಒಳ್ಳೆಯ ಗಚ್ಚು ಮಾಡಬಹುದು.

ಸುಟ್ಟ ಸುಣ್ಣದ ಹರಳು ಸಿಕ್ಕರೆ ಅದೇ ಉತ್ತಮ. ಗುಂಡಿಯಲ್ಲಿ ಮೊದಲು ನೀರು ತುಂಬಿ, ಹರಳನ್ನು ಸ್ವಲ್ಪಸ್ವಲ್ಪವಾಗಿ ನೀರಿಗೆ ಹಾಕಬೇಕು. ಹರಳಿನ ಮೇಲೆ ನೀರು ಸುರಿದರೆ ಸಿಡಿಯುತ್ತದೆ. ಕುದಿಯುವ ಸುಣ್ಣ ಕಣ್ಣಿಗೆ ಬಿದ್ದರೆ ಕಣ್ಣೇ ಹೋದೀತು. ಮಕ್ಕಳು ಹತ್ತಿರ ಸುಳಿಯಬಾರದು, ಕೆಲಸ ಮಾಡುವವರು ಕನ್ನಡಕ ಹಾಕಬೇಕು. ಹಾಗೂ ಬಿದ್ದರೆ ತಡಮಾಡದೆ ಧಾರಾಳ ನೀರಿನಿಂದ ತೊಳೆಯುತ್ತಲೇ ದವಾಖಾನೆಗೆ ನಡೆಯಿರಿ. ಅರಳಿದ ಸುಣ್ಣವನ್ನು ಜರಡಿ ಹಿಡಿದು, ಮೇಲೆ ನೀರು ನಿಲ್ಲಿಸಿ ಹದಿನೈದು ದಿನ, ಆದರೆ ಒಂದು ತಿಂಗಳು ಬಿಡಬೇಕು. ಎಲೆಗೆ ಹಚ್ಚುವ ಸುಣ್ಣದ ಹದಕ್ಕೆ ಬಂದರೆ ಸಿದ್ಧ. ಹರಳು ಸಿಗದವರು ಚೀಲದ ಸುಣ್ಣದ ಪುಡಿ ತಂದು ಒಂದು ದಿನವಾದರೂ ನೀರಿನಲ್ಲಿ ನೆನೆಸಿ ಬಳಸಬಹುದು. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತು ಗಾಳಿಯಾಡಿದ ಚೀಲ ಬೇಡ, ಅದರಲ್ಲಿ ಸತ್ವ ಉಳಿದಿರುವುದಿಲ್ಲ.

ಒಂದು ಬುಟ್ಟಿ ಸುಣ್ಣದ ಮುದ್ದೆಗೆ ಎರಡೂವರೆಯಿಂದ ಮೂರು ಬುಟ್ಟಿ ಉಸುಕು. ಉಸುಕು ತೊಳೆದದ್ದಿರಲಿ, ಸವಳು ಹಳ್ಳದ್ದು ಬೇಡ. ಹರನಾಳಿಗೆಯ ಸುತ್ತ, ಕುಂಬಿಯ ನೆತ್ತಿ, ಪಾಯದ ಮೇಲಿನ ಎರಡು ಸಾಲು ಇಂಥ ನೀರು ತಾಗುವ ಕಡೆ ಒಂದು ಬುಟ್ಟಿ ಉಸುಕಿನ ಬದಲಾಗಿ ಒಂದು ಬುಟ್ಟಿ ಸುರ್ಕಿ, ಅಂದರೆ ಇಟ್ಟಂಗಿಯ ಸಣ್ಣ ಪುಡಿ ಹಾಕಬೇಕು. ಅತಿಯಾಗಿ ಸುಟ್ಟು ಕರಕಾದ ಇಟ್ಟಂಗಿ ಇದಕ್ಕೆ ಬಾರದು. ಸುರ್ಕಿ ಕೂಡಿದ ಗಚ್ಚು ತೇವದಲ್ಲೂ ಗಟ್ಟಿಯಾಗುತ್ತದೆ, ಬರಿಯ ಸುಣ್ಣ ಗಾಳಿಯಿಂದ ಮಾತ್ರ ಗಟ್ಟಿಯಾಗುವಂಥದು. ಕಲಸುವಾಗ ನೀರು ಸುರಿಯಬೇಡಿ. ತುಳಿದು, ಕುಟ್ಟಿ, ಮತ್ತೆ ತುಳಿದರೆ ಮುದ್ದೆಯ ನೀರೇ ಸಾಕಾಗುತ್ತದೆ. ಗೌಂಡಿಗಳು ಬೇಸರಪಡುವುದು ಇಲ್ಲಿಯೇ.

ತುಂಬುವ ಮುನ್ನ ಸಂದಿನ ಸಡಿಲ ಗಚ್ಚು, ಮಣ್ಣು, ಹಿಂದಿನ ಸಿಮೆಂಟನ್ನು ಒಂದು ಇಂಚು ಆಳಕ್ಕಾದರೂ ಕೆದಕಬೇಕು. ಸಂದು ಅಗಲವಿದ್ದರೆ ಅಗಲದ ಎರಡರಷ್ಟು ಆಳ. ದೊಡ್ಡ ಸುತ್ತಿಗೆಯಿಂದ ಹೊಡೆದು ಸಿಮೆಂಟು ತೆಗೆಯಲು ಹೋದರೆ ಕಲ್ಲೇ ಸಡಿಲವಾಗುತ್ತದೆ. ಬಿಡದ ಸಿಮೆಂಟನ್ನು ಅಲ್ಲಿಗೇ ಬಿಡಿ. ಒಂದೇ ದಿನ ಇಡೀ ಗೋಡೆ ಕೆದಕಬಾರದು, ಮೂರು ನಾಲ್ಕು ಚದರ ಅಡಿ ಕೆದಕಿ, ತುಂಬಿ, ಮುಂದೆ ಸಾಗಬೇಕು. ಒಳಗಿನ ಮಣ್ಣು ಹೋಗಿ ಟೊಳ್ಳಾಗಿದ್ದರೆ ಮೊದಲು ಹೊಟ್ಟು ಕೂಡಿಸಿ ಕೊಳೆಹಾಕಿದ ಕೆಸರು ಮತ್ತು ಕಲ್ಲಿನ ಚಕ್ಕೆಗಳನ್ನು ಒತ್ತಿ, ಅದು ಆರಿದ ಮೇಲೆ ಹೊರಗೆ ಗಚ್ಚು. ಸಂದಿಗೆ ನೀರು ಚಿಮುಕಿಸಿ, ಗಚ್ಚನ್ನು ಒಳಗೊಳಗೆ ಒತ್ತಬೇಕು. ಕಲ್ಲಿನ ಮುಖದ ಮೇಲೆ ಬಳಿಯಬಾರದು. ಮುಗಿದ ಮೇಲೆ ಒದ್ದೆ ಗೋಣಿಚೀಲ ಇಳಿಬಿಟ್ಟು ಏಳು ದಿನವಾದರೂ ತಂಪಾಗಿಡಬೇಕು. ಬಿಸಿಲಿಗೆ ಒಮ್ಮೆಲೇ ಒಣಗಿದ ಗಚ್ಚು ಬೆರಳಿನಿಂದ ಕೆದಕಿದರೆ ಉದುರುತ್ತದೆ, ಆಗ ಗೌಂಡಿ ಸುಣ್ಣವನ್ನು ಬೈಯುತ್ತಾನೆ.

ಅದಕ್ಕೆಂದೇ ಈ ಕೆಲಸಕ್ಕೆ ಸೊಲ್ಲಾಪುರದ ಗಡ್ಡದ ಜಾತ್ರೆ ಮುಗಿದಾಗಿನಿಂದ ಶಿವರಾತ್ರಿಯವರೆಗಿನ ಕಾಲ ಒಳ್ಳೆಯದು. ಬಿಸಿಲು ಇನ್ನೂ ಏರಿರುವುದಿಲ್ಲ, ಮಳೆಗೆ ನಾಲ್ಕು ತಿಂಗಳು ಇರುತ್ತದೆ. ಜೋಳದ ಸುಗ್ಗಿ ಅದೇ ಹೊತ್ತಿಗೆ ಬರುತ್ತದೆಂಬ ತೊಂದರೆ ರೈತರಿಗೆ ಇದ್ದೇ ಇದೆ. ಇಡೀ ಮನೆ ಆಗದಿದ್ದರೆ ಹರನಾಳಿಗೆಯ ಸುತ್ತಲಿನದು ಮತ್ತು ಮಳೆ ಬಡಿಯುವ ದಿಕ್ಕಿನ ಗೋಡೆ, ಇಷ್ಟನ್ನಾದರೂ ಮುಗಿಸಿಕೊಳ್ಳಿ.

ಮಾಳಿಗೆಯ ಮಣ್ಣಿನ ಭಾರ

ಸೋರುವ ಮಾಳಿಗೆಗೆ ಕರಲುಮಣ್ಣು ಹಾಕಿಸುವುದು ಹಿರಿಯರಿಂದ ಬಂದದ್ದು. ಅದರಲ್ಲಿ ತಿಳಿವಳಿಕೆ ಇದೆ. ಕರಲಿನ ಉಪ್ಪಿನಿಂದ ಜೇಡಿಕಣಗಳು ನೀರು ತಾಗಿದೊಡನೆ ಬಿಚ್ಚಿಕೊಂಡು ಸಣ್ಣ ರಂಧ್ರಗಳನ್ನು ಮುಚ್ಚುತ್ತವೆ, ನೀರು ಕೆಳಗಿಳಿಯದೆ ಹರಿದುಹೋಗುತ್ತದೆ. ಆದರೆ ಪ್ರತಿ ವರ್ಷ ಹೊಸ ಮಣ್ಣು ಹಾಕುತ್ತ, ಹಳೆಯದನ್ನು ತೆಗೆಯದೆ ಬಂದ ಮನೆಗಳಲ್ಲಿ ಈಗ ಒಂದೂವರೆ, ಎರಡು ಅಡಿ ಮಣ್ಣು ಕೂತಿದೆ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಖೋಲಿಯ ಮೇಲೆ ಒಂದು ಅಡಿ ಮಣ್ಣೆಂದರೆ ಸುಮಾರು ನಾಲ್ಕೂವರೆ ಟನ್ನು ಭಾರ, ನೆನೆದರೆ ಇನ್ನೂ ಹೆಚ್ಚು. ಇದರ ಮೇಲೆ ಸಿಮೆಂಟಿನ ಕೋಬಾ ಹಾಕಿಸುವವರೂ ಇದ್ದಾರೆ. ತೊಲೆಯ ತುದಿ ಗೋಡೆಯೊಳಗೆ ಒದ್ದೆಯಾಗಿ ಕೊಳೆತಿದ್ದರೆ ಆ ಭಾರವನ್ನು ಹೊರುವವರು ಯಾರು?

ಎಂಟು ಇಂಚು ಮಣ್ಣು ಸಾಕು. ಹೆಚ್ಚಿನದನ್ನು ಒಣಗಾಲದಲ್ಲಿ ಇಳಿಸಬೇಕು. ಒಂದೇ ಬದಿಯಿಂದ ಅಲ್ಲ, ಎರಡೂ ಬದಿಯಿಂದ ಸಮವಾಗಿ, ತೆಳುತೆಳುವಾಗಿ. ತೆಗೆದ ಮಣ್ಣನ್ನು ಮಾಳಿಗೆಯ ಒಂದು ಮೂಲೆಗೆ ಗುಡ್ಡೆ ಹಾಕದೆ ಆಗಾಗಲೇ ಕೆಳಗೆ ಇಳಿಸಬೇಕು, ಮೇಲೆ ಇಬ್ಬರು ಮೂವರಿಗಿಂತ ಹೆಚ್ಚು ಜನ ನಿಲ್ಲಬಾರದು, ಕೆಳಗಿನ ಖೋಲಿಯಲ್ಲಿ ಯಾರೂ ಇರಬಾರದು. ನಡುವೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಕರಲುಮಣ್ಣು ಬಡಿದು, ಹರನಾಳಿಗೆಯ ಕಡೆಗೆ ಇಳಿಜಾರು ಕೊಟ್ಟರೆ ತೆಳುವಾದ ಮಾಳಿಗೆಯೂ ಸೋರುವುದಿಲ್ಲ. ಮುಂದೆ ಪ್ರತಿ ವರ್ಷ ಎಷ್ಟು ಬುಟ್ಟಿ ಏರಿಸುತ್ತೀರೋ ಅಷ್ಟು ಬುಟ್ಟಿ ಮೊದಲು ಇಳಿಸಿರಬೇಕು.

ಇಷ್ಟೆಲ್ಲ ಆದ ಬಳಿಕ ಮಿರಗದ ಮೊದಲ ದೊಡ್ಡ ಮಳೆಯಲ್ಲಿ ಒಮ್ಮೆ ಕೊಡೆ ಹಿಡಿದು ಮನೆ ಸುತ್ತಿರಿ. ಯಾವ ಹರನಾಳಿಗೆ ಧಾರೆಯಾಗಿ ಸುರಿಯುತ್ತಿದೆ, ಯಾವುದು ಗೋಡೆ ಹಿಡಿದು ಇಳಿಯುತ್ತಿದೆ ಎಂಬುದು ಆಗ ಕಾಣುವಷ್ಟು ಚೆನ್ನಾಗಿ ಬೇರೆ ಯಾವಾಗಲೂ ಕಾಣುವುದಿಲ್ಲ. ಒಳಗೆ ಬಂದು ಬ್ಯಾಟರಿ ಹಿಡಿದು ತೊಲೆಯ ತುದಿಗಳನ್ನೂ ಗೋಡೆಯ ನೆತ್ತಿಯನ್ನೂ ನೋಡಿ. ಮಾಘದಲ್ಲಿ ತುಂಬಿದ ಗಚ್ಚನ್ನು ಮುಟ್ಟಿದಾಗ ಬೆರಳಿಗೆ ಸ್ವಲ್ಪ ಬಿಳಿ ಹತ್ತಿದರೆ ಗಾಬರಿ ಬೇಡ, ಸುಣ್ಣ ತಿಂಗಳುಗಟ್ಟಲೆ ಗಟ್ಟಿಯಾಗುತ್ತಲೇ ಇರುತ್ತದೆ. ತೇವದ ಕಲೆ ಕಂಡಲ್ಲಿ ಅದರ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದು ತಾರೀಕು ಬರೆದಿಡಿ. ಮುಂದಿನ ಸಂಕ್ರಾಂತಿಗೆ ಗೌಂಡಿ ಬಂದಾಗ ಅಲ್ಲಿಂದಲೇ ಕೆಲಸ ಹಿಡಿಯಬಹುದು.